ಮೊಣಕಾಲಿಗೆ ನುಂಗಿದ ಗುಳಿಗೆ, ಹೊಟ್ಟೆಗೆ ತಂದ ಹುಣ್ಣು

ಮೋರಟಗಿಯಲ್ಲಿ ಸಾತವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳಿತೆಂದರೆ ಓಣಿಗೆಲ್ಲ ಬೆಳಗಾದಂತೆ. ಬಡಿಯುತ್ತ ಹಾಡುವುದು, ಹಾಡುತ್ತ ನಗುವುದು ಅವಳ ರೂಢಿ. ಆದರೆ ಒಲೆ ಮುಂದೆ ಕೂತು ಕೂತು ಮೊಣಕಾಲು ಹಿಡಿದುಕೊಂಡಿದ್ದವು. ಕಿರಾಣಿ ಅಂಗಡಿಯಿಂದ ನೋವಿನ ಗುಳಿಗೆ ತರಿಸಿ, ದಿನಾ ಬೆಳಿಗ್ಗೆ ಬರೀ ಚಹಾದ ಜೊತೆ ನುಂಗುತ್ತಿದ್ದಳು. ನೋವು ಇಳಿಯದಿದ್ದರೆ ಸಂಜೆಗೆ ಇನ್ನೊಂದು.

ಮಗಳು ಭಾಗ್ಯಜ್ಯೋತಿಯ ಕುಬಸ, ಅಂದರೆ ಸೀಮಂತ, ಹತ್ತಿರ ಬಂತು. ಚೊಚ್ಚಲ ಬಸುರಿ, ಸಾತವ್ವನ ಹಿಗ್ಗು ಕೇಳಬೇಕೆ? ರೊಟ್ಟಿಯ ರಾಶಿ ಏರಿದಂತೆ ಗುಳಿಗೆಯೂ ಏರಿತು. ಹೊಟ್ಟೆ ಉರಿದಾಗ ಸೋಡಾ ಕುಡಿದು ಸುಮ್ಮನಾದಳು. ಆಮೇಲೆ ಮಲ ಡಾಂಬರಿನಂತೆ ಕಪ್ಪಗಾಯಿತು. ನಾಚಿಕೆಗೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಮರುದಿನ ಹಿಟ್ಟು ನಾದುತ್ತಿರುವಾಗಲೇ ಕಣ್ಣಿಗೆ ಕತ್ತಲೆ ಬಂದು ಗೋಡೆಗೆ ಒರಗಿದಳು.

ಪಕ್ಕದ ಮನೆಯ ಕೌಸರ ಓಡಿ ಬಂದಳು. ಅವಳು ಸಿಂದಗಿಯ ದವಾಖಾನೆಯಲ್ಲಿ ನರ್ಸ್.

"ಸಾತಕ್ಕಾ, ಏನ್ ಗುಳಿಗಿ ನುಂಗಾಕತ್ತೀರಿ? ಸಂಡಾಸ ಹೆಂಗ ಆಗಾಕತ್ತೈತಿ? ನಾಚಬ್ಯಾಡ್ರಿ, ಹೇಳ್ರಿ."

ಸಾತವ್ವ ಮೆಲ್ಲಗೆ ಎಲ್ಲ ಹೇಳಿದಳು.

"ಅಕ್ಕಾ, ಕರ್ರಗಾದ್ರ ಹೊಟ್ಟ್ಯಾಗ ರಕ್ತ ಸೋರಾಕತ್ತಿರಬೇಕು. ಈಗಿಂದೀಗ ದವಾಖಾನಿಗೆ ನಡೀರಿ."

ಗಂಡ ಖಂಡೆಪ್ಪ ನಂಬಲಿಲ್ಲ. "ಏ ತಂಗಿ, ಖಾರ ತಿಂದು ಹಂಗಾಗಿರತೈತಿ. ಊರ ಮಂದೆಲ್ಲಾ ಅದ ಗುಳಿಗಿ ನುಂಗತಾರ. ಮೊಣಕಾಲಿನ ಗುಳಿಗಿಗೂ ಹೊಟ್ಟಿಗೂ ಏನ್ ಸಂಬಂಧ?"

"ಐತಿ ಅಣ್ಣಾ. ಹೊಟ್ಟಿ ಒಳಗ ಲೋಳಿಯಂಥಾ ಒಂದು ಪದರ ಇರತೈತಿ. ಒಳಗಿನ ಆಸಿಡ್ ಹೊಟ್ಟಿನ್ನ ಸುಡಲಾರದಂಗ ಅದು ಕಾಯತೈತಿ. ಈ ಗುಳಿಗಿ ನೋವು ಇಳಸತೈತಿ ಖರೆ, ಆದ್ರ ಆ ಪದರಾನೂ ತೆಳ್ಳಗ ಮಾಡತೈತಿ. ಆಮ್ಯಾಲ ಹುಣ್ಣು, ಹುಣ್ಣಿನಿಂದ ರಕ್ತ. ತಡಾ ಮಾಡಿದ್ರ ಜೀವಕ್ಕ ಕುತ್ತು."

"ಕುಬಸ ಮುಗಿಸಿ ಹೋದ್ರ ಆಗಂಗಿಲ್ಲೇನ?" ಎಂದಳು ಸಾತವ್ವ.

"ಕುಬಸದಾಗ ಹಾಡಾಕ ನೀವ ಇರಬೇಕಲ್ಲ ಅಕ್ಕಾ!"

ಆ ಮಾತು ಖಂಡೆಪ್ಪನ ಎದೆಗೆ ನಾಟಿತು. ತಾನೇ ಓಡಿ ಹೋಗಿ ಗಾಡಿ ತಂದ.

ಸಿಂದಗಿಯಿಂದ ವಿಜಯಪುರಕ್ಕೆ ಕಳಿಸಿದರು. ಅಲ್ಲಿ ಕ್ಯಾಮೆರಾ ಇರುವ ನಳಿಗೆಯನ್ನು ಬಾಯಿಯಿಂದ ಹೊಟ್ಟೆಗೆ ಇಳಿಸಿ ನೋಡಿದರೆ ಹುಣ್ಣು, ಅದರಿಂದ ಜಿನುಗುವ ರಕ್ತ! ಡಾಕ್ಟರು ಆ ಗುಳಿಗೆ ಬಿಡಿಸಿ, ಹುಣ್ಣು ಮಾಯುವ ಔಷಧ ಕೊಟ್ಟರು. ಮೊಣಕಾಲಿಗೆ ಬಿಸಿ ಶಾಖ, ವ್ಯಾಯಾಮ ಹೇಳಿಕೊಟ್ಟರು. ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು ಬೇಡವೆಂದರು.

ಕುಬಸ ಸ್ವಲ್ಪ ಮುಂದೆ ಹೋಯಿತು, ಅಷ್ಟೇ. ಆ ದಿನ ಓಣಿಯ ಹೆಂಗಸರೆಲ್ಲ ರೊಟ್ಟಿಗೆ ಕೈ ಹಚ್ಚಿದರು. ಖಂಡೆಪ್ಪನೂ ಒಂದು ಬಡಿದ. ಅದು ಸೊಟ್ಟಂಬಟ್ಟ ಆಗಿದ್ದನ್ನು ಕಂಡು ಹೆಂಗಸರು, "ನಕ್ಕು ನಕ್ಕು ಹೊಟ್ಟಿ ಹುಣ್ಣಾತವಾ!" ಎಂದರು.

"ಏ, ಹುಣ್ಣಿನ ಮಾತು ಬ್ಯಾಡವಾ!" ಎಂದು ಸಾತವ್ವ ಕುರ್ಚಿಯಲ್ಲಿ ಕೂತೇ ಮಗಳಿಗೆ ಸೋಬಾನೆ ಹಾಡಿದಳು.

ಊಟಕ್ಕೆ ಬಂದಿದ್ದ ಗೆಳೆಯ ರೇವಣಪ್ಪ ಸೊಂಟ ಹಿಡಿದುಕೊಂಡು, "ಮನ್ಯಾಗ ನೋವಿನ ಗುಳಿಗಿ ಐತೇನೋ?" ಎಂದ.

ಖಂಡೆಪ್ಪ ಅವನಿಗೆ ಹೋಳಿಗೆ ಬಡಿಸುತ್ತ ಹೇಳಿದ: "ಹೋಳಿಗಿ ಎಷ್ಟ ಬೇಕಾದ್ರೂ ಕೇಳು, ಹಾಕತೇನಿ. ಗುಳಿಗಿ ಮಾತ್ರ ಡಾಕ್ಟರನ್ನ ಕೇಳು."

ಅಕ್ಕ-ಅಣ್ಣಂದಿರೇ, ನೋವಿನ ಗುಳಿಗೆಯನ್ನು ಮನಸ್ಸಿಗೆ ಬಂದಂತೆ ನುಂಗಬೇಡಿ. ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಇರಬಹುದು, ಎರಡನ್ನು ಕೂಡಿಸಬೇಡಿ. ಉಂಡು ನುಂಗಿದರೂ ದಿನಾ ನುಂಗುವುದು ಅಪಾಯವೇ. ಡಾಕ್ಟರು ಬರೆದುಕೊಟ್ಟ ಗುಳಿಗೆಯಾದರೆ ಅವರನ್ನು ಕೇಳದೆ ಬಿಡಲೂ ಬೇಡಿ. ಮಲ ಕಪ್ಪಾದರೆ, ರಕ್ತ ವಾಂತಿಯಾದರೆ, ತಲೆ ತಿರುಗಿದರೆ ನಾಚಿಕೆ ಬಿಟ್ಟು ಕೂಡಲೇ ದವಾಖಾನೆಗೆ ಹೋಗಿ. ನಿಮ್ಮ ಮನೆಯ ಹಾಡು ನಿಲ್ಲದಿರಲಿ.