ಭಾನುವಾರದ ಬಾಯಾರಿಕೆ

ವಿರಾಬೀನ್ ಊರಿಗಿಂತ ಅಲ್ಲಿನ ಪಬ್ಬೇ ಎರಡು ವರ್ಷ ಹಿರಿದು. ಈಗಿನ ಒಡತಿ ಐವಿಯ ಗಂಡನ ಅಜ್ಜ ಎತ್ತಿನ ಬಂಡಿಯಲ್ಲಿ ರಮ್ಮಿನ ಪೀಪಾಯಿ ಹೇರಿಕೊಂಡು ಹೋಗುವಾಗ ಇಲ್ಲಿ ಅಚ್ಚು ಮುರಿಯಿತಂತೆ. ಹೊಸ ಅಚ್ಚಿಗೆ ಆರು ವಾರ ಕಾಯಬೇಕು. ಅಷ್ಟರಲ್ಲಿ ಪೀಪಾಯಿಯ ಮೇಲೆ ತಗಡಿನ ಸೂರು ಎದ್ದಿತು, ಸೂರಿನ ಕೆಳಗೆ ಬೆಂಚು ಬಂತು. ಅಚ್ಚು ಬಂದಾಗ ಅಜ್ಜನಿಗೆ ಅದು ಬೇಡವಾಗಿತ್ತು. ಆಮೇಲೆ ಕಮ್ಮಾರ ಬಂದ, ಅಂಚೆ ಬಂತು, ಕೊನೆಗೆ ಇಗರ್ಜಿಯೂ ಬಂತು. ಒಮ್ಮೆ ಬೆಂಕಿ ಬಿದ್ದಾಗ ಊರವರು ಮೊದಲು ಹೊತ್ತು ತಂದದ್ದು ಮರದ ಕೌಂಟರನ್ನು, ಐವಿಯ ಅತ್ತೆಯನ್ನಲ್ಲ. ಅತ್ತೆ ಸಾಯುವ ತನಕ ಅದನ್ನು ಎತ್ತಿ ಆಡುತ್ತಿದ್ದಳು.

ಈಗ ಆ ಪಬ್ಬು ಉಳಿಯುತ್ತದೋ ಇಲ್ಲವೋ ಎಂದು ಈ ಭಾನುವಾರ ತೀರ್ಮಾನವಾಗಬೇಕಿತ್ತು. ವಿರಾಬೀನ್ ಮತ್ತು ಇಪ್ಪತ್ತು ಮೈಲಿ ಆಚೆಯ ಡಲ್ಗನ್, ಈ ಎರಡು ಊರಿನ ಪಬ್ಬುಗಳಲ್ಲಿ ಒಂದರ ಲೈಸೆನ್ಸು ರದ್ದು ಎಂದು ಸರ್ಕಾರ ಹೇಳಿತ್ತು. ಪ್ರಯಾಣಿಕರಿಗೆ ಯಾವುದು ಬೇಕೋ ಅದು ಉಳಿಯಲಿ ಎಂದು ಪ್ರೌಟ್ ಎಂಬ ಅಧಿಕಾರಿಯನ್ನು ಕಳಿಸಿತ್ತು. ಡಲ್ಗನ್ನಿನದು ಎರಡಂತಸ್ತು, ಐವಿಯದು ಇನ್ನೂ ತಗಡು. ಗಂಡ ಹೋದ ಮೇಲೆ ಒಂಬತ್ತು ವರ್ಷದಿಂದ ಒಬ್ಬಳೇ ನಡೆಸಿಕೊಂಡು ಬಂದಿದ್ದಳು.

ಆದರೆ ಅವಳ ಪರ ಮಾತಾಡಲು ಊರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಭಾನುವಾರ ಊರವರಿಗೆ ಒಂದು ಹನಿಯೂ ಕೊಡಬಾರದು, ದೂರದ ಪ್ರಯಾಣಿಕರಿಗೆ ಮಾತ್ರ ಕೊಡಬೇಕು, ಅದೂ ಪುಸ್ತಕದಲ್ಲಿ ಹೆಸರು, ಊರು ಬರೆಸಿಕೊಂಡ ಮೇಲೆ. ಇದು ಕಾನೂನು. ಹೀಗಾಗಿ ನಲವತ್ತು ವರ್ಷದಿಂದ ಪ್ರಾರ್ಥನೆ ಮುಗಿದ ಕೂಡಲೇ ವಿರಾಬೀನಿನ ಗಂಡಸರು ಡಲ್ಗನ್ನಿಗೆ, ಡಲ್ಗನ್ನಿನವರು ಇಲ್ಲಿಗೆ. ನಡುವಿನ ಸೇತುವೆಯ ಮೇಲೆ ಟೋಪಿ ಎತ್ತಿ ನಮಸ್ಕಾರ. "ಈ ವಾರ ಇಲ್ಲೇ ಇರ್ರಪ್ಪಾ" ಎಂದು ಐವಿ ಅಂಗಲಾಚಿದ್ದಳು. ಎಲ್ಲರೂ ಹೂಂಗುಟ್ಟಿದ್ದರು. ಹತ್ತು ಗಂಟೆಗೆ ಪ್ರಾರ್ಥನೆ ಮುಗಿದದ್ದೇ ಕಾಲುಗಳು ತಾವಾಗಿಯೇ ಡಲ್ಗನ್ನಿಗೆ ಹೊರಟ ಲಾರಿ ಹತ್ತಿದ್ದವು.

"ನಿಮ್ಮೂರಿನೋರು ಒಬ್ಬರೂ ಇಲ್ವಲ್ಲ?" ಎಂದ ಪ್ರೌಟ್, ಖಾಲಿ ಪಬ್ಬಿನೊಳಗೆ ಕಾಲಿಟ್ಟು ಮೀಸೆಯ ಧೂಳು ಒರೆಸಿಕೊಳ್ಳುತ್ತ.

ಹೊರಗೆ ಲಾರಿ ನಿಂತ ಸದ್ದು. ಡಲ್ಗನ್ನಿನ ಹನ್ನೆರಡು ಜನ ಇಳಿದರು. ಮುಂದೆ ಬಂದವನು ಕ್ಲಾರಿ ಬೋಡನ್, ಅಲ್ಲಿನ ಪಬ್ಬಿನ ಯಜಮಾನ; ಭಾನುವಾರ ಅಲ್ಲಿ ಕೌಂಟರು ನೋಡುವುದು ಅವನ ಹೆಂಡತಿ. ಎದುರಾಳಿಯೇ ಬಂದನಲ್ಲ ಎಂದುಕೊಂಡಳು ಐವಿ.

"ಇದು ಮುಚ್ಚಿದರೆ ನಿಮಗೆ ಲಾಭ, ಅಲ್ವಾ?" ಎಂದ ಪ್ರೌಟ್.

"ಲಾಭವಾ? ಊರಲ್ಲೇ ಪಬ್ಬಿಲ್ಲ ಅಂದ್ಮೇಲೆ ಇಲ್ಲಿನೋರು ಬೇರೆ ಊರಿಗೆ ಗುಳೆ ಹೋಗ್ತಾರೆ ಸಾಹೇಬ್ರೇ. ಆಮೇಲೆ ಭಾನುವಾರ ನಂಗೆ ಗಿರಾಕಿ ಎಲ್ಲಿ? ಇವರೆಲ್ಲ," ಎಂದು ಕ್ಲಾರಿ ಹಿಂದೆ ಕೈ ತೋರಿಸಿದ, "ಇಡೀ ದಿನ ಮನೇಲಿ ಕೂತ್ರೆ ಇವರ ಹೆಂಡತಿಯರಿಗೆ ಸಮಾಧಾನ ನೀವು ಹೇಳ್ತೀರಾ?"

"ನಿಮ್ಮ ಊರಲ್ಲೇ ಕುಡೀಬಹುದಲ್ಲ?"

"ನಮ್ಮೂರಲ್ಲಿ ಭಾನುವಾರ ನಂಗೆ ಬಾಯಾರಲ್ಲ ಅಂತ ಸರ್ಕಾರಾನೇ ಹೇಳಿದೆ. ಇಪ್ಪತ್ತು ಮೈಲಿ ಬಂದ್ರೆ ಬಾಯಾರುತ್ತೆ. ಐವಕ್ಕಾ, ಪುಸ್ತಕ ಕೊಡು!"

ಪ್ರೌಟ್ ಪುಸ್ತಕ ತಿರುವಿದ. ಹಾಳೆ ಹಾಳೆಯಲ್ಲೂ ಪ್ರಯಾಣಿಕರು. ಎಲ್ಲರೂ ಡಲ್ಗನ್ನಿನವರೇ. ಅಪ್ಪಂದಿರ ರುಜುವಿನ ಕೆಳಗೆ ಮಕ್ಕಳ ರುಜು. ಅವನ ಹೊಟ್ಟೆ ಅಲುಗತೊಡಗಿತು, ಆಮೇಲೆ ನಗು ತಡೆಯಲಾಗಲಿಲ್ಲ.

"ಅಲ್ಲಿಯ ಪುಸ್ತಕದಲ್ಲಿ ಈ ಊರಿನೋರು?"

"ಮತ್ತಿನ್ಯಾರು!"

"ಒಂದು ಕಿತ್ತರೆ ಇನ್ನೊಂದೂ ಒಣಗುತ್ತೆ. ಎರಡೂ ಇರ್ಲಿ ಅಂತ ಬರೀತೀನಿ." ಬರೆದೂ ಬರೆದ. ಬಳಿಕ ಪುಸ್ತಕದಲ್ಲಿ ತನ್ನ ಹೆಸರನ್ನೂ ಬರೆದು ಕೈ ಚಾಚಿದ. "ನಾನು ಇನ್ನೂರು ಮೈಲಿ ಬಂದಿದೀನಮ್ಮ."

ಐವಿ ನೊರೆಯುಕ್ಕಿಸಿ ಬಿಯರ್ ತುಂಬಿದಳು. ಲೋಟ ತುಳುಕಿ ಅರ್ಧ ಕೌಂಟರಿಗೇ ಅಭಿಷೇಕವಾಯಿತು.

ಹೊತ್ತು ಇಳಿಯುವಾಗ ಅವಳ ಊರಿನವರು ಹಾಡುತ್ತ ಮರಳಿದರು. ಬಾಗಿಲಲ್ಲೇ ಕೊಟ್ಟ ಮಾತು ನೆನಪಾಗಿ ಹಾಡು ನಿಲ್ಲಿಸಿದರು. "ಅಯ್ಯೋ ಐವಕ್ಕಾ, ಸಾಹೇಬ್ರು ಬಂದಿದ್ರಾ?"

"ಬಂದಿದ್ರು. ಪಬ್ಬು ಉಳೀತು. ನಿಮ್ಮಿಂದಲ್ಲ, ಡಲ್ಗನ್ನಿನೋರಿಂದ."

ಅವರು ಟೋಪಿಗಳನ್ನು ಗಾಳಿಗೆ ತೂರಿ ಕುಣಿದರು. "ಹಾಗಾದ್ರೆ ಒಂದೊಂದು ಲೋಟ ಹಾಕು ತಾಯಿ!"

"ನೀವು ಊರಿನೋರು," ಎಂದಳು ಐವಿ, ಅವರ ಮುಂದೆ ನಿಂಬೆ ಶರಬತ್ತು ಸಾಲಾಗಿ ಇಡುತ್ತ. "ಇವತ್ತು ಭಾನುವಾರ. ನಿಮಗೆ ಬಾಯಾರಿಲ್ಲ."