ಕುಂಕುಮ ಇಟ್ಕಂಡು ಉಸಿರು ಕಟ್ಟಿದ್ದು

ನಾನು ಒಂದು ತಗಡಿನ ಡಬ್ಬಿ ಕಣ್ರಪ್ಪಾ. ಅಂಗೈಯಗಲ ಇದೀನಿ ಅಷ್ಟೇ. ಆದ್ರೂ ಹೇಳ್ತೀನಿ ಕೇಳಿ, ಹಾಸನ ಜಿಲ್ಲೆಲಿ ಇಲ್ಲಿಗಂಟ ಯಾವ ಕಾರು ರೇಸ್ ಗೆದ್ರೂ ಅದು ನನ್ನ ಉಸಿರಿಂದಲೇ. ಸರಿ ಸರಿ, ಹಂಗೆ ನೋಡ್ಬೇಡಿ. ಅರ್ಧ ಸುಳ್ಳು. ಗೆದ್ದಿದ್ದು ಒಂದು ಕಾರು, ಒಂದೇ ಸಲ. ಉಸಿರು ಮಾತ್ರ ನಂದೇ.

ಹುಟ್ಟಿದ್ದು ಸಮುದ್ರದಾಚೆ ಒಂದು ಕಾರ್ಖಾನೆಲಿ. ಎರಡು ತಗಡಿನ ಬಟ್ಲು ಕವುಚಿ, ಮಧ್ಯಕ್ಕೆ ರೊಟ್ಟಿಯಂಗಿರೋ ರಬ್ಬರು ಇಟ್ಟು, ಒಳಗೊಂದು ಸ್ಪ್ರಿಂಗು ತುರುಕಿ, ಹೊಟ್ಟೆಯಿಂದ ಒಂದು ಕಡ್ಡಿ ಈಚೆಗೆ ಬಿಟ್ರು. ಮಗ್ಗುಲಲ್ಲಿ ಸಾಸಿವೆ ಕಾಳಿನಷ್ಟು ತೂತು, ಉಸಿರಾಡಕ್ಕೆ. ಆ ತೂತು ಮರೀಬೇಡಿ.

ಅವತ್ತೇ ಮದುವೆನೂ ಆಯ್ತು. ಗಂಡು ಸೂಪರ್‌ಚಾರ್ಜರು, ಇಂಜಿನ್ನಿಗೆ ಗಾಳಿ ತುರುಕೋ ಯಂತ್ರ. ಆನೆಯಂಥ ಆಳು, ಆದ್ರೆ ಊದೋದು ಬಿಟ್ರೆ ಬೇರೇನೂ ಬರ್ತಿರ್ಲಿಲ್ಲ. ಪಕ್ಕದಲ್ಲೊಂದು ಬಾಗಿಲು, ಅದು ನನ್ನ ಕಡ್ಡಿ ಹೇಳ್ದಂಗೆ ಕೇಳ್ಬೇಕು. ಕಾರು ನಿಧಾನ ಹೋಗೋವಾಗ ಇಂಜಿನ್ನು ನನ್ನ ಮೂತಿಯಿಂದ ಗಾಳಿ ಎಳೀತದೆ, ನಾನು ಬಾಗಿಲು ತೆಗ್ದು ಹಿಡ್ಕಂತೀನಿ, ಊದಿದ ಗಾಳಿ ಸುತ್ಕಂಡು ವಾಪಸ್ಸು. ಓಡಿಸೋರು ಆಕ್ಸಿಲರೇಟರ್ ಮೇಲೆ ಕಾಲು ಒತ್ತಿದ್ರೆ ಬಿಟ್ಬಿಡ್ತೀನಿ, ಬಾಗಿಲು ದಢ್ ಅಂತ ಮುಚ್ಕಂತದೆ, ಗಾಳಿಯೆಲ್ಲ ಇಂಜಿನ್ನಿಗೆ. ಅದಕ್ಕೇ ಬೂಸ್ಟು ಅಂತಾರೆ. ಹೆಸರು ಗಂಡಂದು, ಸಂಸಾರ ತೂಗ್ಸಿದ್ದು ನಾನು.

ನಾಲ್ಕೇ ವರ್ಷಕ್ಕೆ ಎಣ್ಣೆ ಹಾಕೋರಿಲ್ದೆ ನಮ್ಮೆಜಮಾನ್ರು ಬಿಗಿದು ಸೀಜಾಗಿ ಹೋದ್ರು. ಕಾರು ಮುರಿದ್ರು, ಹಡಗಲ್ಲಿ ಈ ದೇಶಕ್ಕೆ ಬಂದೆ, ಗುಜರಿ ಅಂಗಡಿಲಿ ಕೆಟ್ಟ ಹಾರನ್ನುಗಳ ಮಧ್ಯೆ ನೂರು ವರ್ಷ ಬಿದ್ದಿದ್ದೆ. ಮೂರು ಅಂತ ಇಟ್ಕಳಿ. ಅಲ್ಲಿಗೆ ಬಂದ್ರು ಖಲೀಲ್ ಸಾಬ್ರು, ಹಾಸನದಲ್ಲಿ ಗ್ಯಾರೇಜು ಇಟ್ಟೋರು. ನನ್ನ ಮೂತಿಗೆ ರಬ್ಬರ್ ಪೈಪು ಸಿಕ್ಕಿಸಿ, ಬಾಯಲ್ಲಿ ಗಾಳಿ ಎಳ್ದು ನೋಡಿದ್ರು. ನಾನು ಕಡ್ಡಿ ಸರಕ್ ಅಂತ ಒಳಕ್ಕೆ ಎಳ್ಕಂಡೆ. ಇದ್ಕೆ ಇನ್ನೂ ಜೀವ ಐತೆ ಅಂದ್ರು. ನಂಗೆ ನಾಚ್ಕೆ ಆಯ್ತು.

ತಂದು ಸಿಂಚನನ ಕಾರಿನ ಸೂಪರ್‌ಚಾರ್ಜರ್ ಪಕ್ಕ ಕೂರ್ಸಿದ್ರು. ಮರುಮದುವೆ ಅನ್ಬೇಡಿ, ಕೆಲ್ಸಕ್ಕೆ ಸೇರಿದ್ದು. ಸಿಂಚನ ಇಪ್ಪತ್ತಾರು ವರ್ಷದ ಹೆಣ್ಮಗಳು, ಮಣ್ಣಿನ ರೇಸಲ್ಲಿ ಕಾರು ಓಡಿಸ್ತಾಳೆ. ಅವಳೂ ಸಾಬ್ರೂ ಎರಡು ವರ್ಷ ಕೂತು ಆ ಇಂಜಿನ್ ಕಟ್ಟಿದ್ರು. ನಾನು ಸೇರಿದ್ ಮೇಲಂತೂ ಗಾಡಿ ಗಾಳಿಗೇ ದಾರಿ ಬಿಡು ಅಂತಿತ್ತು.

ಆಮೇಲೆ ಆಯುಧಪೂಜೆ ಬಂತು. ಸಿಂಚನನ ತಾಯಿ ಪ್ರಭಾಮಣಿ ಗ್ಯಾರೇಜಿಗೇ ತಟ್ಟೆ ತಂದ್ರು. ಮಗಳು ರೇಸ್ ಓಡೋದು ಅವರಿಗೆ ಭಯ. ಆ ಭಯಕ್ಕೆ ಬಾನೆಟ್ ಎತ್ತಿಸಿ, ಒಳಗೆ ಕಂಡ ಕಂಡದ್ದಕ್ಕೆಲ್ಲ ಗಂಧ, ಅರಿಶಿನ, ಕುಂಕುಮ ಕಲಸಿ ಇಟ್ಟರು. ನಂಗೂ ಇಟ್ಟರು, ಅದೂ ದೊಡ್ಡದಾಗಿ. ಗಂಡ ಸತ್ತೋಳಿಗೆ ಕುಂಕುಮ. ಬೇಡ ಅನ್ನಕ್ಕೆ ಬಾಯಿಲ್ಲ. ನಿಜ ಹೇಳ್ಬೇಕು ಅಂದ್ರೆ, ಬಾಯಿದ್ರೂ ಅಂತಿರ್ಲಿಲ್ಲ.

ಆದ್ರೆ ಇಟ್ಟಿದ್ದು ನೆಟ್ಟಗೆ ಆ ತೂತಿನ ಮೇಲೆ. ಇಂಜಿನ್ ಶಾಖಕ್ಕೆ ಒಣಗಿ ಕಲ್ಲಾಯ್ತು. ಒಳಗಿನ ಗಾಳಿ ಈಚೆಗೆ ಹೋಗಕ್ಕೆ ದಾರಿನೇ ಇಲ್ಲ, ಕಡ್ಡಿ ಪಕ್ಕದ ಸಂದಿಲಿ ಒಂದೀಟೀಟೇ ನುಸುಳ್ಬೇಕು. ಬಾಗಿಲು ಬಿಡು ಅಂದ್ರೆ ಹತ್ತು ಎಣಿಸೋಗಂಟ ಬಿಡಕ್ಕಾಗಲ್ಲ. ಸಿಂಚನ ತಿರುವಲ್ಲಿ ಕಾಲು ಒತ್ತಿದ್ರೆ, ಬೂಸ್ಟು ಬರೋದು ಮುಂದಿನ ತಿರುವಿಗೆ. ಎದುರು ಟೀಮಿನೋರು ಗ್ಯಾರೇಜಿಗೇ ಬಂದು, ನಿಮ್ಮ ಕಾರಿಗೆ ಓಡು ಅಂತ ಕಾಗದ ಬರೆದು ಹೇಳ್ಬೇಕಾ ಅಂತ ಕೇಳಿ ನಕ್ಕೊಂಡು ಹೋದ್ರು.

ಬರೋ ಭಾನುವಾರ ರೇಸು. ಸಾಬ್ರು ಎಲ್ಲ ಪೈಪಿಗೂ ಸೋಪಿನ ನೀರು ಸುರಿದು, ಗಾಳಿ ಸೋರಿ ಗುಳ್ಳೆ ಬರ್ತದಾ ನೋಡಿದ್ರು. ಆ ಸೋಪಿನ ನೀರಲ್ಲಿ ಇಡೀ ಊರಿನ ಮದುವೆ ಪಾತ್ರೆ ತೊಳೀಬೋದಿತ್ತು. ಗುಳ್ಳೆ ಇಲ್ಲ. ಬೆಲ್ಟು ಬದಲಾಯ್ಸಿದ್ರು, ಬೂಸ್ಟು ತೋರ್ಸೋ ಮೀಟರು ಬದಲಾಯ್ಸಿದ್ರು. ನನ್ನ ಕಡ್ಡಿ ಒಳಕ್ಕೆ ಒತ್ತಿ ಬಿಟ್ರು, ಅದು ಕುಂಟ್ಕಂಡು ಈಚೆಗೆ ಬಂತು. ಪಾಪ, ವಯಸ್ಸಾಯ್ತು ಇದ್ಕೆ ಅಂದ್ರು. ನನ್ನ ಕೋಪ ಕೇಳ್ಬೇಡಿ. ನನ್ನಂಥದ್ದು ಇನ್ನೊಂದು ಹಡಗಲ್ಲಿ ಬರೋ ಹೊತ್ತಿಗೆ ಆ ರೇಸಿಗೇ ಮೊಮ್ಮಕ್ಕಳಾಗಿರ್ತವೆ.

ಶುಕ್ರವಾರದ ನಮಾಜಿನೊಳಗೆ ತೊಂದ್ರೆ ಎಲ್ಲೈತೆ ಅಂತ ಸಿಗ್ಲಿಲ್ಲ ಅಂದ್ರೆ ಸೂಪರ್‌ಚಾರ್ಜರ್ ಬಿಚ್ಚಿ, ಬರೀ ಇಂಜಿನ್ನಲ್ಲೇ ಓಡೋದು ಅಂತ ಇಬ್ಬರೂ ಮಾತಾಡ್ಕಂಡ್ರು. ಬಿಚ್ಚಿದ್ರೆ ಎರಡು ವರ್ಷದ ಕೆಲ್ಸ ಮಣ್ಣು, ನಾನು ಮತ್ತೆ ಗುಜರಿ.

ಶುಕ್ರವಾರ ಬಂತು. ಸಾಬ್ರು ಸ್ಪಾನರ್ ಹಿಡ್ದು ಬಾನೆಟ್ ಕೆಳಗೆ ಬಗ್ಗಿದ್ರು. ಸಿಂಚನ ಅತ್ಲಾಗೆ ತಿರುಗಿ ನಿಂತ್ಕಂಡ್ಳು. ಅಷ್ಟೊತ್ತಿಗೆ ಪ್ರಭಾಮಣಿ ಊಟದ ಡಬ್ಬಿ ತಂದ್ರು. ಮಗಳು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ ಅಂತ ಬೈತಾ ಬೈತಾ ಬಾನೆಟ್ ಒಳಗೆ ಇಣುಕಿದ್ರು.

"ಚಿಕ್ಕ ಬೊಟ್ಟು ಬಿಟ್ರೆ ಮಿಕ್ಕಿದ್ದೆಲ್ಲ ಫಳಫಳ ಅಂತೈತೆ, ಈ ಡಬ್ಬಿ ಒಂದು ಯಾಕೆ ಹಿಂಗೆ ಕೊಳೆ ಹಿಡ್ದೈತೆ ಖಲೀಲಣ್ಣ?"

"ನೀವು ಪೂಜೆ ಮಾಡಿ ಇಟ್ಟಿದ್ದಲ್ವಾ ಅಕ್ಕ. ಅದನ್ನ ಒರ್ಸಕ್ಕೆ ನಂಗೆ ಕೈ ಬರಲ್ಲ. ಸುತ್ತ ಒರ್ಸಿದೀನಿ."

ಮೂವತ್ತು ವರ್ಷದಿಂದ ಸಾಬ್ರು ಹಂಗೇ. ಯಾರ ಗಾಡಿದೂ ಕುಂಕುಮ ಅಳಿಸಿದೋರಲ್ಲ. ಎಲ್ಲ ಬಿಚ್ತಾರೆ, ಕುಂಕುಮ ಇರೋ ಜಾಗ ಬಿಟ್ಟು.

"ಪೂಜೆ ಮುಗ್ದು ಹದಿನೈದು ದಿನ ಆಯ್ತು. ಬಾಡಿದ ಹೂವ ತೆಗೆಯಲ್ವಾ? ಇದೂ ಹಂಗೇ ಕಣಣ್ಣ."

ಹಂಗಂದು ಸೆರಗು ನೆನೆಸಿ ತಿಕ್ಕಿದ್ರು. ಅದು ಬರ್ಲಿಲ್ಲ. ಬಳೆಗೆ ಸಿಕ್ಕಿಸ್ಕಂಡಿದ್ದ ಪಿನ್ನು ತೆಗ್ದು ಕೆರೆದ್ರು. ಮೆಣಸಿನ ಕಾಳಿನಂಥ ಗಟ್ಟಿ ಗುಳಿಗೆ ಟಪ್ ಅಂತ ಬಿತ್ತು, ನಾನು ಉಸ್ ಅಂದೆ. ಅಯ್ಯೋ, ತೂತು ಮಾಡ್ಬಿಟ್ಟೆ ಅಂತ ಅವರು ಹೆದರಿದ್ರು.

ಸಾಬ್ರು ಬಗ್ಗಿ ನೋಡಿ ಹಣೆ ಚಚ್ಕಂಡ್ರು. "ನೀವು ಮಾಡಿದ್ದಲ್ಲ ಅಕ್ಕ. ಅದು ಉಸಿರಾಡೋ ತೂತು. ಸ್ಟಾರ್ಟ್ ಮಾಡು ಸಿಂಚನ."

ಅವಳು ಕಾಲು ಒತ್ತಿದ್ಳು. ನಾನು ಬಿಟ್ಟೆ, ಬಾಗಿಲು ದಢ್ ಅಂತು. ಮೀಟರಿನ ಮುಳ್ಳು ಹಾರಿದ ಹಾರಿಕೆಗೆ ಗಾಜು ಒಡೀತದೆ ಅಂದ್ಕಂಡೆ. ಸಾಬ್ರು ಸ್ಪಾನರ್ ಪೆಟ್ಟಿಗೆಗೆ ಹಾಕಿ ನಮಾಜಿಗೆ ಹೋದ್ರು. ಕಣ್ಣು ಒದ್ದೆಯಾಗಿತ್ತು. ಸೋಪಿನ ನೀರು ಅಂತ ಆಮೇಲೆ ಹೇಳಿದ್ರು.

ಭಾನುವಾರ ಎದ್ದ ಧೂಳು ಬೇಲೂರಿಗಂಟ ಹೋಗಿ ಅಲ್ಲಿ ಒಣಹಾಕಿದ್ದ ಬಟ್ಟೆಯೆಲ್ಲ ಕೆಂಪಾಯ್ತಂತೆ. ಒಂದೊಂದು ತಿರುವಲ್ಲೂ ಸಿಂಚನ ಕೇಳಿದ ಗಳಿಗೆಗೆ ಗಾಳಿ ಕೊಟ್ಟೆ. ಅವಳೇ ಮೊದ್ಲು. ಕಾಗದ ಅಂದಿದ್ದೋರು ಬಂದು ಬಾನೆಟ್ ಎತ್ತಿ ತೋರ್ಸಿ ಅಂದ್ರು, ಸಾಬ್ರು ತೋರ್ಸಿದ್ರು, ನನ್ನ ಮುಂದೆ ಕೈ ಅಡ್ಡ ಇಟ್ಕಂಡು.

ಅಲ್ಲಿಂದಾಚೆ ಆಯುಧಪೂಜೆ ಬಂದ್ರೆ ಪ್ರಭಾಮಣಿ ತಟ್ಟೆ ಹಿಡ್ದು ಹಿಂದೆ ಬರ್ತಾರೆ, ಸಾಬ್ರು ಟೇಪಿನ ಚೂರು ಹಿಡ್ದು ಮುಂದೆ ಹೋಗ್ತಾರೆ, ಪೂಜೆ ಮುಗಿಯೋಗಂಟ ಇರೋ ತೂತಿಗೆಲ್ಲ ಅಂಟಿಸ್ಕಂಡು.

ಹೋದ ವರ್ಷ ನನ್ನ ರಬ್ಬರು ಹರೀತು. ಇದು ನಿಜವಾಗ್ಲೂ ವಯಸ್ಸು. ಗುಜರಿಗೆ ಹಾಕ್ಲಿಲ್ಲ, ಗ್ಯಾರೇಜಿನ ಗಾಜಿನ ಬೀರುಲಿ ರೇಸ್ ಕಪ್ಪಿನ ಪಕ್ಕ ಇಟ್ಟವ್ರೆ. ಕಪ್ಪು ನನಗಿಂತ ಚಿಕ್ಕದು.

ಈ ವರ್ಷ ಪೂಜೆಲಿ ಪ್ರಭಾಮಣಿ ಬೀರು ತೆಗ್ಸಿ ನನ್ನ ಕೈಗೆತ್ಕಂಡ್ರು. ಸಾಬ್ರು ಅಭ್ಯಾಸಕ್ಕೆ ಟೇಪ್ ಹರಿದ್ರು, ನನ್ನ ನೋಡಿದ್ರು, ನಕ್ಕು ವಾಪಸ್ ಜೇಬಿಗೆ ಇಟ್ಕಂಡ್ರು. ನಂಗೀಗ ಉಸಿರಾಡೋ ಕೆಲ್ಸ ಇಲ್ವಲ್ಲ. ಪ್ರಭಾಮಣಿ ಬೆರಳು ಕುಂಕುಮಕ್ಕೆ ಅದ್ದಿದ್ರು, ನನ್ನ ಒಂದ್ ಸುತ್ತು ತಿರುಗ್ಸಿ ಜಾಗ ಹುಡುಕಿದ್ರು.

ಎಲ್ಲಿಟ್ಟಿರ್ತಾರೆ? ನೀವೇ ಹೇಳಿ ನೋಡಣ.