ಎಲ್ಲರಿಗೂ ಒಂದೇ ಉತ್ತರ

“ಬೆಳಿಗ್ಗಿನಿಂದ ಸಿಕ್ಕಿತು ಅಂತನೇ ತೋರಸ್ಲತದ್ರಿ. ಆದ್ರ ಯಾರೂ ಬಂದಿಲ್ರಿ.”

“ನೋಡ್ತೇನ್ರಿ,” ಎಂದ ಕೈಲಾಶ.

ಬೀದರಿನ ರಕ್ತದಾನಿಗಳ ಸಂಘವೊಂದಕ್ಕೆ ಆ್ಯಪ್ ಮಾಡಿಕೊಟ್ಟವನು ಅವನೇ. ರಕ್ತ ಬೇಕಾದವರು ಅದರಲ್ಲಿ ಕೋರಿಕೆ ಹಾಕಬೇಕು. ಅದೇ ಗುಂಪಿನ ದಾನಿಗಳ ಫೋನಿಗೆ ಅದು ಹೋಗುತ್ತದೆ. ಉತ್ತರ ಬರುವವರೆಗೆ ಪರದೆಯ ಮೇಲೆ ‘ಹುಡುಕುತ್ತಿದೆ’. ಯಾರಾದರೂ ಒಪ್ಪಿದರೆ ‘ಸಿಕ್ಕಿತು’. ಯಾರೂ ಒಪ್ಪದಿದ್ದರೆ ‘ಸಿಗಲಿಲ್ಲ’. ತೊಂದರೆಯಾದಾಗ ಫೋನ್ ಎತ್ತುವವನೂ ಅವನೇ.

ಈಗ ಫೋನ್ ಮಾಡಿದವನು ಔರಾದಿನ ಖಾಲಿದ. ತಾಯಿ ಇಮಾಮಬೀಯನ್ನು ಬೀದರಿನ ಆಸ್ಪತ್ರೆಗೆ ತಂದಿದ್ದ. ಸಂಜೆ ಆಪರೇಷನ್. ಬೇಕಾದದ್ದು ಬಿ ನೆಗೆಟಿವ್. ರಕ್ತ ಬರದೆ ಕೈ ಹಚ್ಚುವುದಿಲ್ಲ ಎಂದಿದ್ದರು ಡಾಕ್ಟರು.

“ಠಾಣಾ ಕುಶನೂರಿನ ನಮ್ಮ ಪರಿಚಯದವರೊಬ್ರು ಬರ್ಲತಿದ್ರಿ. ಸಿಕ್ಕ್ಯದ ಅಂತ ನೋಡಿ ನಾನೇ ಬ್ಯಾಡ ಅಂದೆ. ಈಗ ಅವರ ಫೋನ್ ಬಂದ್ ಅದ್ರಿ.”

“ನೋಡಿ ಹೇಳ್ತೇನ್ರಿ.”

ಅಡ್ಡಗೋಡೆಯ ಮೇಲೆ ದೀಪ ಇಡುವುದು ಅವನಿಗೆ ಈಚೆಗೆ ಉಸಿರಾಡಿದಷ್ಟೇ ಸಲೀಸು.

ತಾನು ಬರೆದ ಕೋಡ್ ತೆರೆದ. ತಪ್ಪು ಕಾಣಲು ಹೊತ್ತು ಹಿಡಿಯಲಿಲ್ಲ. ಒಂದೊಂದು ಕೋರಿಕೆಯ ಸ್ಥಿತಿಯನ್ನೂ ಬೇರೆ ಬೇರೆ ಇಡಬೇಕಿತ್ತು. ಅವನು ಎಲ್ಲಕ್ಕೂ ಸೇರಿಸಿ ಒಂದನ್ನೇ ಇಟ್ಟಿದ್ದ. ಪರೀಕ್ಷಿಸುವಾಗ ಒಂದು ಸಲಕ್ಕೆ ಒಂದೇ ಕೋರಿಕೆ ಹಾಕಿ ನೋಡಿದ್ದ. ಇಬ್ಬರಿಗೆ ಒಮ್ಮೆಲೇ ರಕ್ತ ಬೇಕಾಗಬಹುದೆಂದು ಹೊಳೆದೇ ಇರಲಿಲ್ಲ. ಬೆಳಿಗ್ಗೆ ಭಾಲ್ಕಿಯ ಯಾರಿಗೋ ದಾನಿ ಸಿಕ್ಕಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಖಾಲಿದನಿಗೂ ‘ಸಿಕ್ಕಿತು’ ಎಂದು ಬಂದಿತ್ತು. ಭೇಷ್, ಎಂದುಕೊಂಡ ಕೈಲಾಶ. ಎಂಜಿನಿಯರಿಂಗಿನಲ್ಲಿ ಚಿನ್ನದ ಪದಕ ಬೇರೆ!

ಹೆಂಡತಿ ಆಮ್ರಪಾಲಿಯ ಫೋನ್ ಬಂತು.

“ಊಟ ಆಯ್ತೇನ್ರಿ?”

“ಮಾಡ್ಲತೀನಿ.” ಡಬ್ಬಿ ಬಿಚ್ಚಿಯೇ ಇರಲಿಲ್ಲ.

“ಸಂಜಿಗಿ ನಮ್ಮವ್ವಗ ನೋಡ್ಲಾಕ ಹೋಗಮ ಅಂದಿದ್ರಿ.”

“ನೋಡ್ತೇನಿ.”

“ಈ ನೋಡ್ತೇನಿ ಕೇಳಿ ಕೇಳಿ ಸಾಕಾಗ್ಯದ. ಬರಂಗಿಲ್ಲ ಅನ್ರಿ, ಅದಾದ್ರೂ ಛಲೋ.”

ಅವಳು ಫೋನ್ ಇಟ್ಟಳು. ಅವನಿಗೆ ಹಗುರವೆನಿಸಿತು. ಹಗುರವೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ತಪ್ಪು ತಿದ್ದಿದ. ಇನ್ನು ಒಬ್ಬೊಬ್ಬರಿಗೆ ಅವರವರ ಸ್ಥಿತಿ. ಖಾಲಿದನದು ‘ಹುಡುಕುತ್ತಿದೆ’ ಎಂದಾಯಿತು. ಅವನಿಗೆ ಫೋನ್ ಮಾಡಿ, ತಪ್ಪು ನನ್ನದು, ಬೇರೆ ಕಡೆಯೂ ಹುಡುಕಿ ಎನ್ನಬೇಕಿತ್ತು. ಬೆರಳು ಆ ನಂಬರಿನ ಹತ್ತಿರ ಹೋಗಿ ಹಿಂದಕ್ಕೆ ಬಂತು. ಅದರ ಬದಲು ಆ ಗುಂಪಿನ ದಾನಿಗಳು ಯಾರಿದ್ದಾರೆಂದು ನೋಡಿದ. ಒಬ್ಬ ಹೈದರಾಬಾದಿನಲ್ಲಿದ್ದ. ಒಬ್ಬಳು ಬಾಣಂತಿ. ಉಳಿದವನು ಕೈಲಾಶ. ಆ್ಯಪ್ ನಡೆಯುತ್ತದೋ ಇಲ್ಲವೋ ನೋಡಲೆಂದು ತನ್ನದೇ ಹೆಸರು, ತನ್ನದೇ ರಕ್ತದ ಗುಂಪು ಹಾಕಿ ಮರೆತುಬಿಟ್ಟಿದ್ದ; ಫೋನಿಗೆ ಬರುವ ಕೋರಿಕೆಗಳನ್ನು ತೆರೆದೂ ನೋಡುತ್ತಿರಲಿಲ್ಲ.

ಆಸ್ಪತ್ರೆ ದೂರವೇನಲ್ಲ, ಆಟೋದವನಿಗೆ ಹೇಳಿದರೆ ಆಯಿತು. ಕೈಲಾಶ ‘ಬರುತ್ತೇನೆ’ ಒತ್ತಿದ.

ಒತ್ತಿದ್ದೇ ತಡ, ಖಾಲಿದನ ಫೋನ್.

“ಸರ, ಈಗ ಖರೇನೇ ಸಿಕ್ಕಾರ್ರಿ! ಕೈಲಾಶ ಅಂತ ಹೆಸರು. ಅಲ್ಲಾ ಅವರಿಗಿ ಛಲೋ ಇಡಲಿ.” ಅಳು ತಡೆದುಕೊಂಡ ದನಿ. “ಡಾಬಕಾದಾಗ ನಮ್ಮ ದೋಸ್ತ ಅಖೀಲ ಅದಾನ್ರಿ, ಅವನದೂ ಅದೇ ಗುಂಪು. ಈಗೇ ಹೇಳ್ದ, ಬರ್ತೇನಿ ಅಂತ. ಕರೀಲೇನು, ಬ್ಯಾಡ್ರಿ?”

ಆ ಕೈಲಾಶ ನಾನೇ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

“ಬ್ಯಾಡ್ರಿ. ಅವರು ಬರ್ಲತಾರ.”

“ಮನಿ ಬಿಟ್ಟಾರೇನ್ರಿ?”

“ಬಿಟ್ಟಾರ.”

ಫೋನ್ ಇಟ್ಟ. ದೊಡ್ಡ ಕೆಲಸವೊಂದು ಮುಗಿಯಿತೆಂಬ ದಣಿವು ಮೈಯಲ್ಲೆಲ್ಲ ಇಳಿಯಿತು. ಏಳಬೇಕು ಎಂದುಕೊಂಡ. ಎಡ ತೋಳಿನ ಗುಂಡಿ ಬಿಚ್ಚಿ, ಅಂಗಿಯನ್ನು ಮೊಣಕೈ ಮೇಲಕ್ಕೆ ಮಡಚಿದ. ಏಳಬೇಕು. ತೋಳನ್ನು ಮೇಜಿನ ಮೇಲೆ ಉದ್ದಕ್ಕೆ ಚಾಚಿದ. ಬಿಳಿಚಿದ ಚರ್ಮದ ಕೆಳಗೆ ನೀಲಿ ನರ ಉಬ್ಬಿತ್ತು.

ಕಿಟಕಿಯ ಬಿಸಿಲು ಗೋಡೆ ಹತ್ತಿತು. ಫೋನ್ ಮತ್ತೆ ಬಡಿದುಕೊಳ್ಳತೊಡಗಿತು. ಬೇರೆ ಯಾರೂ ಇಲ್ಲದ ಆ ಕೋಣೆಯಲ್ಲಿ ಕೈಲಾಶ ಕುರ್ಚಿ ಬಿಟ್ಟೇಳದೆ ಮುಷ್ಟಿ ಬಿಗಿಹಿಡಿದು ಬಿಡುತ್ತಿದ್ದ, ಬಿಗಿಹಿಡಿದು ಬಿಡುತ್ತಿದ್ದ.